ಎಂಓಟಿಯಲ್ಲಿ ಫೇಲಾದ ಹಳೆಯ ಕಾರನ್ನು ರಿಪೇರಿ ಮಾಡಿಸಬೇಕೆ, ಬದಲಿಸಬೇಕೆ?

ಆತ್ಮೀಯರೇ,

ಸಾಗರದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಹೋಗಿ ಇನ್ನೂ ವರ್ಷ ತುಂಬದ ನೀವು ಕೇಳಿರುವ ಪ್ರಶ್ನೆಗೆ, ರಜೆಯ ಮೇಲೆ ತೀರ್ಥಹಳ್ಳಿಯ ಮನೆಗೆ ಬಂದಿರುವ ನಾನು ಇಲ್ಲಿಂದಲೇ ಉತ್ತರಿಸುತ್ತಿದ್ದೇನೆ. ನಿಮ್ಮ 2011ರ ಪೆಟ್ರೋಲ್ ಕಾರು ಗಾಡಿ ರಸ್ತೆಗಿಳಿಸಲು ಯೋಗ್ಯವೇ ಎಂದು ನೋಡುವ ಅಲ್ಲಿನ ವಾರ್ಷಿಕ ಎಂಓಟಿ ಪರೀಕ್ಷೆಯಲ್ಲಿ ಫೇಲಾಗಿದೆ. ಮುಂದಿನ ಕಾಯಿಲ್ ಸ್ಪ್ರಿಂಗ್ ಮುರಿದಿದೆ, ಹಿಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡುಗಳು ಸವೆದಿವೆ, ಸೈಲೆನ್ಸರ್ ತೂತಾಗಿದೆ. ಗ್ಯಾರೇಜಿನವರು ಎಲ್ಲ ಸೇರಿ 850 ಪೌಂಡ್ ಹೇಳಿದ್ದಾರೆ. ಮಾರಿದರೆ 1,500 ಪೌಂಡ್ ಕೂಡ ಬಾರದ ಗಾಡಿಗೆ ಅಷ್ಟು ಸುರಿಯುವುದು ದಂಡ, ಕಂತಿನ ಮೇಲೆ ಹೊಸದನ್ನೇ ತೆಗೆದುಕೊಳ್ಳಿ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರೆ, ಊರಿನಲ್ಲಿರುವ ನಿಮ್ಮ ತಂದೆಯವರು ರಿಪೇರಿ ಮಾಡಿಸಿ ಓಡಿಸು ಎನ್ನುತ್ತಿದ್ದಾರೆ. ನನ್ನ ಅಭಿಪ್ರಾಯ ತಂದೆಯವರ ಕಡೆಗೇ ಇದೆ, ಆದರೆ ಅವರು ಕೊಡುವ ಕಾರಣ ಅಲ್ಲಿಗೆ ಹೊಂದುವುದಿಲ್ಲ.

ಅವರದು ನಮ್ಮ ಕಡೆಯ ಲೆಕ್ಕ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಗಾಡಿ ಬಿಟ್ಟರೆ ಬಿಡಿಭಾಗದ್ದೇ ದೊಡ್ಡ ಖರ್ಚು, ಕೂಲಿ ಅದರ ಮುಂದೆ ಕಡಿಮೆ. ಆದ್ದರಿಂದಲೇ ಟಿಂಕರಿಂಗ್ ಮಾಡುವವರು ತುಕ್ಕು ಹಿಡಿದ ತಳವನ್ನು ಕತ್ತರಿಸಿ ತೆಗೆದು, ಹೊಸ ತಗಡು ಬೆಸೆದು ಕೊಡುವುದು ನಮಗೆ ಕೈಗೆಟುಕುತ್ತದೆ, ತೋಟದ ಮನೆಗಳಲ್ಲಿ ಹಳೆಯ ಜೀಪುಗಳು ದಶಕಗಟ್ಟಲೆ ಓಡುತ್ತವೆ. ಇಂಗ್ಲೆಂಡಿನಲ್ಲಿ ಮೆಕ್ಯಾನಿಕ್‌ನ ಒಂದೊಂದು ಗಂಟೆಗೂ ದುಬಾರಿ ದರವಿದೆ, ಅದರ ಮೇಲೆ 20 ಶೇಕಡಾ ವ್ಯಾಟ್ ಬೀಳುತ್ತದೆ. ಹಾಗಾಗಿ ಅಲ್ಲಿ ಕೇಳಿಕೊಳ್ಳಬೇಕಾದದ್ದು ಗಾಡಿಯಲ್ಲಿ ಎಷ್ಟು ಭಾಗಗಳು ಕೆಟ್ಟಿವೆ ಎಂದಲ್ಲ, ಕೆಟ್ಟದ್ದನ್ನು ಸರಿಪಡಿಸಲು ಎಷ್ಟು ಗಂಟೆ ಬೇಕು ಎಂದು. ಸ್ಪ್ರಿಂಗ್, ಬ್ರೇಕ್, ಸೈಲೆನ್ಸರ್ ಇವೆಲ್ಲ ಬಿಚ್ಚಿ ಹಾಕುವ ಕೆಲಸ. ಒಮ್ಮೆ ಹಾಕಿಸಿದರೆ ವರ್ಷಗಟ್ಟಲೆ ಬಾಳಿಕೆ ಬರುತ್ತವೆ. ಎಂಜಿನ್ ಹೆಡ್ ಬಿಚ್ಚುವುದು, ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಳಿಸುವುದು, ತುಕ್ಕು ಹಿಡಿದ ತಳಕ್ಕೆ ವೆಲ್ಡಿಂಗ್ ಮಾಡಿಸುವುದು ಬೇರೆಯದೇ ವರ್ಗದ ಕೆಲಸ, ಹಳೆಯ ಕಾರಿನ ಆಯುಷ್ಯ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ.

ಈ ಮೂರರಲ್ಲಿ ನನಗೆ ಹೆಚ್ಚು ಭಯವಿರುವುದು ತುಕ್ಕಿನದು, ಏಕೆಂದರೆ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಬಹಳ ದೂರ ಹೋಗಿರುತ್ತದೆ. ಮಳೆಗಾಲವಿಡೀ ಆಗುಂಬೆ ಘಾಟಿಯಲ್ಲಿ ಓಡಾಡುವ ಗಾಡಿಗೂ ತುಕ್ಕು ಹಿಡಿಯುತ್ತದೆ, ಆದರೆ ಅದು ಸಿಹಿನೀರಿನ ತುಕ್ಕು. ಇಂಗ್ಲೆಂಡಿನಲ್ಲಿ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಂತೆ ಕಲ್ಲುಪ್ಪು ಚೆಲ್ಲುತ್ತಾರೆ. ಚೆಷೈರ್‌ನ ವಿನ್ಸ್‌ಫರ್ಡ್‌ನಲ್ಲಿ ಅದಕ್ಕೆಂದೇ ದೊಡ್ಡ ಗಣಿಯಿದೆ. ಆ ಉಪ್ಪುನೀರು ಬಾಗಿಲಿನ ಕೆಳಗಿರುವ ಟೊಳ್ಳು ಸಿಲ್‌ಗಳ ಒಳಗೂ ಸಸ್ಪೆನ್ಷನ್ ಕೂರುವ ಜಾಗಗಳಲ್ಲೂ ನಿಂತು ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ನೋಡಿದವರಿಗೆ ಬಣ್ಣದ ಮೇಲೆ ಒಂದೆರಡು ಗುಳ್ಳೆ ಮಾತ್ರ ಕಾಣುತ್ತವೆ. ಅದಕ್ಕೇ ಗ್ಯಾರೇಜಿನವರಿಗೆ ಹೇಳಿ ಗಾಡಿಯನ್ನು ಲಿಫ್ಟಿನ ಮೇಲೇರಿಸಿ, ಕೆಳಗೆ ನೀವೇ ನಿಂತು ನೋಡಿ. ಸಿಲ್ಲಿನ ಉದ್ದಕ್ಕೂ ಮೆಲ್ಲಗೆ ತಟ್ಟಿಸಿ: ಗಟ್ಟಿ ಲೋಹ ಟಣ್ ಎನ್ನುತ್ತದೆ, ಒಳಗೆ ತಿಂದುಹೋದದ್ದು ಮಂಕಾಗಿ ಸದ್ದು ಮಾಡಿ, ಬಣ್ಣದ ಸಿಪ್ಪೆಯ ಜೊತೆಗೆ ಕಂದು ಪುಡಿ ಉದುರಿಸುತ್ತದೆ. ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟೀರಿಂಗ್ ಇವುಗಳ ಆಧಾರಸ್ಥಾನದಿಂದ 30 ಸೆಂಟಿಮೀಟರ್ ಒಳಗೆ ಲೋಹ ಬಲ ಕಳೆದುಕೊಂಡಿದ್ದರೆ ಎಂಓಟಿಯಲ್ಲಿ ಪಾಸು ಮಾಡುವುದಿಲ್ಲ. ಅಪಘಾತದಲ್ಲಿ ನಿಮ್ಮ ಜೀವ ಹಿಡಿದಿಡುವುದು ಆ ತಗಡೇ ಆದ್ದರಿಂದ ಆ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ.

ಇನ್ನೊಂದು ಸಾಕ್ಷಿ ಪುಕ್ಕಟೆಯಾಗಿ ಸಿಗುತ್ತದೆ. ಸರ್ಕಾರದ ಜಾಲತಾಣದಲ್ಲಿ ಗಾಡಿಯ ನಂಬರ್ ಹಾಕಿದರೆ ಅದರ ಹಿಂದಿನ ಎಂಓಟಿಗಳ ಫಲಿತಾಂಶ, ಆಗ ಓಡಿದ್ದ ಮೈಲಿ, ಪಾಸಾದರೂ ಪರೀಕ್ಷಕರು ಬರೆದಿಟ್ಟ ಎಚ್ಚರಿಕೆಗಳು ಕಾಣುತ್ತವೆ. ತಳದ ತುಕ್ಕಿನ ಮಾತು ವರ್ಷದಿಂದ ವರ್ಷಕ್ಕೆ ಗಂಭೀರವಾಗುತ್ತ ಬಂದಿದ್ದರೆ 850 ಪೌಂಡ್ ಹಾಕಬೇಡಿ. ಆ ಮಾತೇ ಇಲ್ಲದೆ ಟೈರು, ಬ್ರೇಕುಗಳ ಪ್ರಸ್ತಾಪ ಮಾತ್ರ ಇದ್ದರೆ ಧೈರ್ಯವಾಗಿ ಹಾಕಿ.

ಮಾರಾಟದ ಬೆಲೆಯ ಜೊತೆ ರಿಪೇರಿ ಖರ್ಚನ್ನು ತೂಗುವ ಸಹೋದ್ಯೋಗಿಗಳ ವಾದವನ್ನು ನಾನು ಒಪ್ಪುವುದಿಲ್ಲ. ನೀವು ಗಾಡಿ ಮಾರಲು ಹೊರಟಿಲ್ಲ, ಓಡಿಸಲು ಹೊರಟಿದ್ದೀರಿ. ಅದೇ 850 ಪೌಂಡಿಗೆ ಇನ್ನೊಂದು ಹಳೆಯ ಕಾರು ತಂದರೆ ಅದರ ಸ್ಪ್ರಿಂಗ್ ಯಾವಾಗ ಮುರಿಯುವುದೋ ನಿಮಗೆ ತಿಳಿದಿರುವುದಿಲ್ಲ; ಈ ಗಾಡಿಯ ಗುಣದೋಷಗಳನ್ನಾದರೂ ನೀವು ಬಲ್ಲಿರಿ. ಹಿಂದಿನ ಮಾಲೀಕರು ಕಟ್ಟಿದ ರಸ್ತೆ ತೆರಿಗೆಯೂ ಗಾಡಿಯ ಜೊತೆ ನಿಮ್ಮ ಹೆಸರಿಗೆ ಬರುವುದಿಲ್ಲ, ಮೊದಲ ದಿನವೇ ಹೊಸದಾಗಿ ಕಟ್ಟಬೇಕು.

ಕಂತಿನ ಹೊಸ ಕಾರು ನಿಮಗೆ ಸದ್ಯಕ್ಕೆ ಬೇಡವೆಂದು ಸ್ಪಷ್ಟವಾಗಿಯೇ ಹೇಳುತ್ತೇನೆ. ಹೊಸದಾಗಿ ಬಂದವರಿಗೆ ಆ ದೇಶದಲ್ಲಿ ಸಾಲದ ಚರಿತ್ರೆ ಇಲ್ಲದ ಕಾರಣ ಬಡ್ಡಿ ಹೆಚ್ಚಾಗುತ್ತದೆ, ಕೆಲವೊಮ್ಮೆ ಸಾಲವೇ ಸಿಗುವುದಿಲ್ಲ. ಅಲ್ಲಿ ಬಹಳ ಮಂದಿ ಮಾಡಿಕೊಳ್ಳುವ ಪಿಸಿಪಿ ಎಂಬ ಕಂತಿನ ಒಪ್ಪಂದದಲ್ಲಿ ಮೂರು ನಾಲ್ಕು ವರ್ಷ ಕಂತು ಕಟ್ಟಿದ ಮೇಲೂ, ಕೊನೆಯ ದೊಡ್ಡ ಮೊತ್ತ ಕಟ್ಟದ ಹೊರತು ಗಾಡಿ ನಿಮ್ಮದಾಗುವುದಿಲ್ಲ. ಕೆಲಸದ ವೀಸಾದ ಮೇಲಿರುವವರು, ನಾಳೆ ಕೆಲಸ ಬದಲಾದರೆ ಯಾವ ಊರಿನಲ್ಲಿರುತ್ತೇವೆಂದೇ ತಿಳಿಯದಿರುವಾಗ, ಅಷ್ಟು ವರ್ಷಗಳ ಕಂತಿಗೆ ಸಹಿ ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅಂದಹಾಗೆ, ಭಾರತದ ಲೈಸೆನ್ಸ್ ಮೇಲೆ ಅಲ್ಲಿ ಗಾಡಿ ಓಡಿಸಲು ನಿಮಗೆ 12 ತಿಂಗಳು ಮಾತ್ರ ಅವಕಾಶ. ಆ ಗಡುವು ನಿಮಗೆ ಸಮೀಪಿಸುತ್ತಿದೆ. ಅಲ್ಲಿನ ಪರೀಕ್ಷೆಯನ್ನು ಆಟೋಮ್ಯಾಟಿಕ್ ಕಾರಿನಲ್ಲಿ ಪಾಸು ಮಾಡಿದವರು ಗೇರಿನ ಗಾಡಿ ಓಡಿಸುವಂತಿಲ್ಲ. ನಿಮ್ಮದು ಗೇರಿನ ಗಾಡಿಯೇ ಆಗಿದ್ದರೆ, ಅದನ್ನು ಉಳಿಸಿಕೊಂಡು ಅದರಲ್ಲೇ ಅಭ್ಯಾಸ ಮಾಡುವುದಕ್ಕೆ ಇದೂ ಒಂದು ಕಾರಣ.

ತಳ ಗಟ್ಟಿಯಿದೆಯೆಂದು ಖಾತ್ರಿಯಾದರೆ, 850 ಪೌಂಡಿನಲ್ಲಿ ವ್ಯಾಟ್ ಸೇರಿದೆಯೇ ಎಂದು ಕೇಳಿ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಸ್ಪ್ರಿಂಗುಗಳನ್ನು ಎರಡೂ ಕಡೆ ಜೋಡಿಯಾಗಿಯೇ ಹಾಕಿಸಿ. ಪರೀಕ್ಷೆ ಮಾಡಿದ ಗ್ಯಾರೇಜಿನಲ್ಲೇ ಗಾಡಿಯನ್ನು ಬಿಟ್ಟು ರಿಪೇರಿ ಮಾಡಿಸಿ, 10 ಕೆಲಸದ ದಿನಗಳೊಳಗೆ ಮರುಪರೀಕ್ಷೆ ಮಾಡಿಸಿದರೆ ಅದಕ್ಕೆ ಶುಲ್ಕವಿರುವುದಿಲ್ಲ. ಫಲಿತಾಂಶದ ಹಾಳೆಯಲ್ಲಿ ಯಾವುದಾದರೂ ದೋಷವನ್ನು ಅಪಾಯಕಾರಿ ಎಂದು ನಮೂದಿಸಿದ್ದರೆ, ಅದು ಸರಿಯಾಗುವವರೆಗೆ ಗಾಡಿಯನ್ನು ರಸ್ತೆಗಿಳಿಸಬೇಡಿ.