ನಿವೃತ್ತಿಗೆ ಮೊದಲೇ ಸೇವಾ ಪುಸ್ತಕ ತೆರೆದು ನೋಡಿ: ಪಿಂಚಣಿ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಂಚಿಕೆಗಾಗಿ ಬಂದ ಪತ್ರಗಳಲ್ಲಿ ಹೆಚ್ಚಿನವು ಅಂಚೆ, ರೈಲ್ವೆ ಮೊದಲಾದ ಕೇಂದ್ರ ಸರ್ಕಾರದ ಇಲಾಖೆಗಳಲ್ಲಿರುವವರು ಬರೆದವು. ಆದ್ದರಿಂದ ಇಲ್ಲಿನ ಲೆಕ್ಕಗಳೆಲ್ಲ ಕೇಂದ್ರದ ನಿಯಮಗಳಿಗೆ ಸಂಬಂಧಿಸಿದವು; ರಾಜ್ಯದ ಬಗ್ಗೆ ಬಂದ ಒಂದು ಪ್ರಶ್ನೆಗೆ ಕೊನೆಯಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಅಂಚೆ ಕಚೇರಿಯೊಂದರಲ್ಲಿ ಸಹಾಯಕ. 1994ರ ಆಗಸ್ಟ್ 16ರಂದು ಕೆಲಸಕ್ಕೆ ಸೇರಿದೆ. 2026ರ ಜೂನ್ 30ರಂದು ನಿವೃತ್ತಿ. ಮೂಲ ವೇತನ 60,400 ರೂಪಾಯಿ. 2001ರಲ್ಲಿ ಮನೆಯ ತಾಪತ್ರಯಕ್ಕೆ ಒಂಬತ್ತು ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ದೆ. 33 ವರ್ಷ ತುಂಬದಿರುವುದರಿಂದ ನನಗೆ ಪೂರ್ತಿ ಪಿಂಚಣಿ ಬರುವುದಿಲ್ಲ ಎಂದು ಜೊತೆಯವರು ಹೇಳುತ್ತಾರೆ. ಇದು ನಿಜವೇ?

ಉತ್ತರ: ನಿಜವಲ್ಲ. 33 ವರ್ಷದ ಷರತ್ತು ಹಿಂದೆ ಇತ್ತು. 2006ರ ಜನವರಿ 1ರ ನಂತರ ನಿವೃತ್ತರಾದ ಕೇಂದ್ರ ನೌಕರರಿಗೆ ಅದು ಅನ್ವಯಿಸುವುದಿಲ್ಲ. ಕನಿಷ್ಠ 10 ವರ್ಷದ ಅರ್ಹ ಸೇವೆ, ಅಂದರೆ ಪಿಂಚಣಿಗೆ ಎಣಿಸುವ ಸೇವೆ, ಇದ್ದರೆ ಸಾಕು, ಕೊನೆಯ ತಿಂಗಳ ಮೂಲ ವೇತನದ ಅರ್ಧ ಅಥವಾ ಕೊನೆಯ 10 ತಿಂಗಳ ಸರಾಸರಿಯ ಅರ್ಧ, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಪಿಂಚಣಿಯಾಗುತ್ತದೆ. ಅದರ ಮೇಲೆ ಆಗಾಗಿನ ತುಟ್ಟಿಭತ್ಯೆ ಸೇರುತ್ತದೆ. ಈ ಲೆಕ್ಕದಲ್ಲಿ ನಿಮ್ಮದು 30,200 ರೂಪಾಯಿ.

ಆದರೆ ನಿಮ್ಮ ನಿವೃತ್ತಿಯ ದಿನಾಂಕದಲ್ಲಿ ಇನ್ನೊಂದು ಅನುಕೂಲವಿದೆ. ಜುಲೈ 1ರಂದು ಬರಬೇಕಿದ್ದ ವಾರ್ಷಿಕ ವೇತನ ಬಡ್ತಿ, ಹಿಂದಿನ ದಿನವೇ ನಿವೃತ್ತರಾದರೆಂಬ ಕಾರಣಕ್ಕೆ ಬಹಳ ಜನರ ಕೈತಪ್ಪಿ ಹೋಗುತ್ತಿತ್ತು. ಇಡೀ ವರ್ಷ ದುಡಿದು ಗಳಿಸಿದ ಬಡ್ತಿಯನ್ನು ಒಂದು ದಿನದ ಅಂತರಕ್ಕೆ ತಪ್ಪಿಸುವುದು ಸರಿಯಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು. ಅದು ನಮ್ಮ ರಾಜ್ಯದ ವಿದ್ಯುತ್ ಪ್ರಸರಣ ನಿಗಮದ ನೌಕರರ ಪ್ರಕರಣ ಎಂಬುದನ್ನು ಇಲ್ಲಿ ನೆನೆಯಬೇಕು. ಅದರ ನಂತರ 2025ರ ಮೇ ತಿಂಗಳಲ್ಲಿ ಕೇಂದ್ರದ ಆದೇಶ ಬಂದು, ಜೂನ್ 30 ಅಥವಾ ಡಿಸೆಂಬರ್ 31ರಂದು ನಿವೃತ್ತರಾಗುವವರಿಗೆ ಮರುದಿನದ ಬಡ್ತಿಯನ್ನು ಪಿಂಚಣಿಯ ಲೆಕ್ಕಕ್ಕೆ ಮಾತ್ರ ಕಾಲ್ಪನಿಕವಾಗಿ ಸೇರಿಸಿಕೊಳ್ಳಲು ಅವಕಾಶವಾಯಿತು. ನಿಮ್ಮ ಬಡ್ತಿ ಜುಲೈ 1ಕ್ಕೇ ಬರುವುದಾದರೆ ವೇತನ 62,200 ಎಂದು ಎಣಿಸಿ, ಪಿಂಚಣಿ 31,100 ಆಗಬೇಕು. ಕಚೇರಿಯವರು ತಯಾರಿಸುವ ಲೆಕ್ಕದ ಹಾಳೆಯಲ್ಲಿ ಈ ಅಂಕಿ ಬಂದಿದೆಯೇ ಎಂದು ನೀವೇ ನೋಡಿಕೊಳ್ಳಿ.

ಇನ್ನು ಆ ಒಂಬತ್ತು ತಿಂಗಳ ರಜೆಯ ವಿಷಯ. ಸಂಬಳವಿಲ್ಲದ ರಜೆಯನ್ನು ನಿಯಮದಲ್ಲಿ ಅಸಾಧಾರಣ ರಜೆ ಎನ್ನುತ್ತಾರೆ. ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪಡೆದದ್ದು ಅರ್ಹ ಸೇವೆಗೆ ಸೇರುತ್ತದೆ. ಮನೆಯ ಕಾರಣಕ್ಕೆ ಪಡೆದದ್ದು ಸಾಮಾನ್ಯವಾಗಿ ಸೇರುವುದಿಲ್ಲ. ನಿಮ್ಮ ಪಿಂಚಣಿಗೆ ಇದರಿಂದ ಯಾವ ಕುಂದೂ ಇಲ್ಲ. ಪೆಟ್ಟು ಬೀಳುವುದು ಉಪದಾನಕ್ಕೆ, ಅಂದರೆ ಗ್ರಾಚ್ಯುಯಿಟಿಗೆ. ಪೂರ್ಣಗೊಂಡ ಪ್ರತಿ ಆರು ತಿಂಗಳ ಸೇವೆಗೆ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿದ ಮೊತ್ತದ ಕಾಲು ಭಾಗದಂತೆ ಅದನ್ನು ಕೊಡುತ್ತಾರೆ. ಗರಿಷ್ಠ ಹದಿನಾರೂವರೆ ತಿಂಗಳ ಮೊತ್ತ, ಅದೂ 25 ಲಕ್ಷ ರೂಪಾಯಿ ಮೀರದಂತೆ. ಮೂರು ತಿಂಗಳು ಅಥವಾ ಹೆಚ್ಚಿನ ಉಳಿಕೆಯನ್ನು ಒಂದು ಪೂರ್ಣ ಅರ್ಧವರ್ಷವೆಂದು ಎಣಿಸುತ್ತಾರೆ. 2025ರ ಜುಲೈನಿಂದ ಜಾರಿಗೆ ಬಂದ 58 ಶೇಕಡಾ ತುಟ್ಟಿಭತ್ಯೆಯನ್ನೇ ಹಿಡಿದರೆ ನಿಮ್ಮ ತಿಂಗಳ ಮೊತ್ತ 95,432. ರಜೆಯನ್ನು ಕಳೆಯದಿದ್ದರೆ ಸೇವೆ 31 ವರ್ಷ 10 ತಿಂಗಳು, ಅಂದರೆ 64 ಅರ್ಧವರ್ಷ, ಉಪದಾನ 15,26,912 ರೂಪಾಯಿ. ಕಳೆದರೆ 31 ವರ್ಷ 1 ತಿಂಗಳು, 62 ಅರ್ಧವರ್ಷ, ಉಪದಾನ 14,79,196. ವ್ಯತ್ಯಾಸ 47,716 ರೂಪಾಯಿ. ನಿವೃತ್ತಿಯ ದಿನದ ತುಟ್ಟಿಭತ್ಯೆಗೆ ತಕ್ಕಂತೆ ಈ ಅಂಕಿಗಳು ಬದಲಾಗುತ್ತವೆ.

ಆ ರಜೆಯಲ್ಲಿ ಸ್ವಲ್ಪ ಭಾಗವಾದರೂ ಕಾಯಿಲೆಯ ಕಾರಣಕ್ಕೆ ಮಂಜೂರಾಗಿತ್ತೇ ಎಂದು ಸೇವಾ ಪುಸ್ತಕ ತೆರೆಸಿ ನೋಡಿ. ನಾನು ಲೆಕ್ಕಪತ್ರ ಶಾಖೆಯಲ್ಲಿದ್ದಾಗ ಇಂಥ ಪುಸ್ತಕಗಳನ್ನು ನೂರಾರು ತಿರುವಿದ್ದೇನೆ. ದಾರ ಬಿಚ್ಚಿದ ಹೊಲಿಗೆ, ಒಂದಕ್ಕೊಂದು ಅಂಟಿಕೊಂಡ ಹಾಳೆಗಳು, ರಜೆಯ ಆದೇಶದ ಸಂಖ್ಯೆ ಇದ್ದು ಕಾರಣದ ಅಂಕಣ ಖಾಲಿ, ವರ್ಗಾವಣೆಯಾದ ವರ್ಷದ ಸೇವಾ ದೃಢೀಕರಣಕ್ಕೆ ಸಹಿಯೇ ಇಲ್ಲ. ಹದಿನೆಂಟು ವರ್ಷ ಸೇವೆ ಮುಗಿದಾಗ ಒಮ್ಮೆ, ನಿವೃತ್ತಿಗೆ ಐದು ವರ್ಷ ಮೊದಲು ಇನ್ನೊಮ್ಮೆ ಅರ್ಹ ಸೇವೆಯನ್ನು ಪರಿಶೀಲಿಸಿ ನೌಕರನಿಗೆ ಪ್ರಮಾಣಪತ್ರ ಕೊಡಬೇಕೆಂಬ ನಿಯಮವಿದೆ. ನಿಮಗೆ ಅದು ಬಂದಿಲ್ಲವೆಂದಾದರೆ ಇಂದೇ ಲಿಖಿತವಾಗಿ ಕೇಳಿ. ಹಳೆಯ ಕಚೇರಿಯ ಕಡತವನ್ನು ಹುಡುಕಿಸಿ ತರಿಸಲು ಎಷ್ಟು ತಿಂಗಳು ಹಿಡಿಯುತ್ತದೆ ಎಂಬುದನ್ನು ಬಲ್ಲವನಾಗಿ ಈ ಮಾತು ಹೇಳುತ್ತಿದ್ದೇನೆ.

ಪ್ರಶ್ನೆ: ಧಾರವಾಡದ ಕೇಂದ್ರ ಕಚೇರಿಯೊಂದರಿಂದ ಬರುವ ಆಗಸ್ಟ್ 31ಕ್ಕೆ ನಿವೃತ್ತನಾಗುತ್ತಿದ್ದೇನೆ. ಪಿಂಚಣಿ 30,200 ರೂಪಾಯಿ ಎಂದು ಲೆಕ್ಕವಾಗಿದೆ. ನಲವತ್ತು ಶೇಕಡಾ ಕಮ್ಯುಟೇಶನ್ ತೆಗೆದುಕೊಂಡು ಠೇವಣಿ ಇಡು ಎಂದು ಕೆಲವರು, ಮುಟ್ಟಲೇಬೇಡ ಎಂದು ಕೆಲವರು ಹೇಳುತ್ತಾರೆ. ಮಗ ಅಂಗಡಿ ಹಾಕಲು ಆ ಹಣ ಕೇಳುತ್ತಿದ್ದಾನೆ. ನಿಮ್ಮ ಸಲಹೆ ಏನು?

ಉತ್ತರ: ಕಮ್ಯುಟೇಶನ್ ಅಥವಾ ಪರಿವರ್ತನೆ ಎಂದರೆ ತಿಂಗಳ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು, ಅದರ ಬದಲಿಗೆ ದೊಡ್ಡ ಮೊತ್ತವನ್ನು ಒಟ್ಟಿಗೆ ಪಡೆಯುವುದು. ಮೊದಲು ಲೆಕ್ಕ ನೋಡೋಣ. ಪಿಂಚಣಿಯ 40 ಶೇಕಡಾ ಎಂದರೆ 12,080 ರೂಪಾಯಿ. ಮುಂದಿನ ಹುಟ್ಟುಹಬ್ಬಕ್ಕೆ 61 ತುಂಬುವವರಿಗೆ ನಿಗದಿಯಾದ ಗುಣಕ 8.194. ಇದನ್ನು 12ರಿಂದಲೂ 12,080ರಿಂದಲೂ ಗುಣಿಸಿದಾಗ ನಿಮ್ಮ ಕೈಗೆ ಸುಮಾರು 11,87,800 ರೂಪಾಯಿ ಒಟ್ಟಿಗೆ ಬರುತ್ತದೆ. ಸರ್ಕಾರಿ ನೌಕರರಿಗೆ ಈ ಮೊತ್ತದ ಮೇಲೆ ಆದಾಯ ತೆರಿಗೆ ಇಲ್ಲ. ಪ್ರತಿಯಾಗಿ ಹದಿನೈದು ವರ್ಷ ತಿಂಗಳಿಗೆ 12,080 ಕಡಿತವಾಗಿ, ಮೂಲ ಪಿಂಚಣಿ 18,120ಕ್ಕೆ ಇಳಿಯುತ್ತದೆ. ತುಟ್ಟಿಭತ್ಯೆಯನ್ನು ಮಾತ್ರ ಕಡಿತವಾಗದ 30,200ರ ಮೇಲೆಯೇ ಕೊಡುತ್ತಾರೆ. ಇದು ಬಹಳ ಜನರಿಗೆ ತಿಳಿದಿಲ್ಲ.

ಹದಿನೈದು ವರ್ಷದಲ್ಲಿ ಕಡಿತವಾಗುವ ಒಟ್ಟು ಮೊತ್ತ 21,74,400 ರೂಪಾಯಿ. ಇದನ್ನು ಸಾಲವೆಂದು ಭಾವಿಸಿ ಬಡ್ಡಿ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 9 ಶೇಕಡಾ ಬೀಳುತ್ತದೆ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರ ಏಪ್ರಿಲ್‌ನಿಂದ ಇರುವ ಬಡ್ಡಿ 8.2 ಶೇಕಡಾ, ಅದಕ್ಕೂ ತೆರಿಗೆಯುಂಟು. ಹಾಗಾಗಿ ಠೇವಣಿ ಇಡುವುದಕ್ಕೆಂದೇ ಕಮ್ಯುಟೇಶನ್ ಮಾಡಿಸುವುದರಲ್ಲಿ ನನಗೆ ಲಾಭ ಕಾಣುವುದಿಲ್ಲ. ಮನೆ ಸಾಲವೋ ಒಡವೆಯ ಸಾಲವೋ ಹೆಚ್ಚಿನ ಬಡ್ಡಿಯಲ್ಲಿ ಬೆಳೆಯುತ್ತಿದ್ದರೆ, ಅದನ್ನು ತೀರಿಸಲು ತೆಗೆದುಕೊಳ್ಳುವುದು ಸರಿ. ಇನ್ನೊಂದು ಮಾತನ್ನೂ ತೂಗಿ ನೋಡಬೇಕು: ಪಿಂಚಣಿದಾರರು ನಡುವೆಯೇ ತೀರಿಕೊಂಡರೆ ಉಳಿದ ಕಂತುಗಳನ್ನು ಕುಟುಂಬದಿಂದ ವಸೂಲು ಮಾಡುವುದಿಲ್ಲ, ಕುಟುಂಬ ಪಿಂಚಣಿಯನ್ನೂ ಇದಕ್ಕಾಗಿ ಕಡಿಮೆ ಮಾಡುವುದಿಲ್ಲ. ಆರೋಗ್ಯ ಸರಿಯಿಲ್ಲದವರಿಗೆ ಈ ಸೌಲಭ್ಯದ ಬೆಲೆ ಆದ್ದರಿಂದಲೇ ಹೆಚ್ಚು.

ಮಗನ ಅಂಗಡಿಯ ವಿಷಯವನ್ನು ನೀವು ಕೇಳಿದ್ದರಿಂದ ಹೇಳುತ್ತೇನೆ. ಹನ್ನೆರಡು ಲಕ್ಷ ದೊಡ್ಡ ಗಂಟಾಗಿ ಕಾಣುತ್ತದೆ. ತಿಂಗಳ 12,080 ಚಿಕ್ಕದಾಗಿ ಕಾಣುತ್ತದೆ. ಎಪ್ಪತ್ತು ದಾಟಿದ ಮೇಲೆ ಔಷಧಿ ಅಂಗಡಿಯ ಚೀಟಿ ಹಿಡಿದು ನಿಂತಾಗ ಆ ಚಿಕ್ಕ ಮೊತ್ತ ಏನೆಂದು ಗೊತ್ತಾಗುತ್ತದೆ. ಮಗನಿಗೆ ಸಹಾಯ ಮಾಡಲೇಬೇಕೆಂದಿದ್ದರೆ ಪೂರ್ತಿ ನಲವತ್ತರ ಬದಲು ಹತ್ತೋ ಹದಿನೈದೋ ಶೇಕಡಾ ಮಾತ್ರ ಪರಿವರ್ತಿಸಬಹುದು. ನಲವತ್ತು ಎಂಬುದು ಗರಿಷ್ಠ ಮಿತಿ, ಕಡ್ಡಾಯವಲ್ಲ. ಮೊದಲ ದಿನವೇ ತೀರ್ಮಾನಿಸಬೇಕಾಗಿಯೂ ಇಲ್ಲ. ನಿವೃತ್ತಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ವೈದ್ಯಕೀಯ ಪರೀಕ್ಷೆ ಬೇಡ.

ಪ್ರಶ್ನೆ: ನನ್ನ ಯಜಮಾನರು ರೈಲ್ವೆಯಿಂದ ನಿವೃತ್ತರು, ಈಗ 63 ವರ್ಷ. ನಾವು ಮೈಸೂರಿನಲ್ಲಿದ್ದೇವೆ. 28 ವರ್ಷದ ಮಗಳಿಗೆ ಹುಟ್ಟಿನಿಂದಲೇ ಬುದ್ಧಿಮಾಂದ್ಯ. ನಮ್ಮಿಬ್ಬರ ನಂತರ ಅವಳಿಗೆ ಪಿಂಚಣಿ ಸಿಗುವುದೇ? ಅವರು ಉಯಿಲಿನಲ್ಲಿ ಅವಳ ಹೆಸರು ಬರೆದರೆ ಸಾಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅವಳಿಗೆ ಸಿಗುತ್ತದೆ, ಜೀವಮಾನವಿಡೀ ಸಿಗುತ್ತದೆ. ಉಯಿಲಿಗೂ ಇದಕ್ಕೂ ಸಂಬಂಧವಿಲ್ಲ. ಕುಟುಂಬ ಪಿಂಚಣಿ ಯಾರಿಗೆ ಹೋಗಬೇಕೆಂಬುದನ್ನು ನಿಯಮವೇ ಹೇಳುತ್ತದೆ. ಮೊದಲ ಹಕ್ಕು ನಿಮ್ಮದು. ಕೊನೆಯ ಮೂಲ ವೇತನದ 30 ಶೇಕಡಾ ಸಾಮಾನ್ಯ ದರ. ಆರಂಭದ ಕೆಲವು ಕಾಲ 50 ಶೇಕಡಾ ದರದಲ್ಲಿ ಕೊಡುತ್ತಾರೆ: ಸಾವಿನಿಂದ ಏಳು ವರ್ಷ, ಅಥವಾ ಅವರು ಬದುಕಿದ್ದರೆ 67 ತುಂಬುತ್ತಿದ್ದ ದಿನ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ.

ಉಳಿದ ಮಕ್ಕಳಿಗೆ ಸಾಮಾನ್ಯವಾಗಿ 25 ವರ್ಷದ ಮಿತಿಯಿದೆ. ದುಡಿದು ಬದುಕಲು ಸಾಧ್ಯವಾಗದಂಥ ಅಂಗವೈಕಲ್ಯವಿರುವ ಮಗುವಿಗೆ ಆ ಮಿತಿ ಇಲ್ಲ. ಈಗ ಮಾಡಬೇಕಾದ ಕೆಲಸ, ಸಕ್ಷಮ ವೈದ್ಯಕೀಯ ಪ್ರಾಧಿಕಾರದ ಅಂಗವೈಕಲ್ಯ ಪ್ರಮಾಣಪತ್ರದೊಂದಿಗೆ ಯಜಮಾನರು ತಾವು ನಿವೃತ್ತರಾದ ಕಚೇರಿಗೆ ಅರ್ಜಿ ಕೊಟ್ಟು, ಮಗಳ ಹೆಸರನ್ನು ಪಿಂಚಣಿ ಪಾವತಿ ಆದೇಶದಲ್ಲಿ, ಅಂದರೆ ಪಿಪಿಓದಲ್ಲಿ, ಸೇರಿಸಿಕೊಳ್ಳುವುದು. ಅವಳ ಪರವಾಗಿ ಹಣ ಪಡೆಯುವ ಪೋಷಕರು ಯಾರೆಂಬುದನ್ನೂ ಅವರೇ ಈಗ ಸೂಚಿಸಬಹುದು. ಅದನ್ನು ಮಾಡದೆ ಹೋದರೆ ಮುಂದೆ ನ್ಯಾಯಾಲಯದಿಂದಲೋ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿಯ ಸ್ಥಳೀಯ ಸಮಿತಿಯಿಂದಲೋ ಪೋಷಕತ್ವದ ಪತ್ರ ತರಬೇಕಾಗುತ್ತದೆ. ಆ ಓಡಾಟವನ್ನು ಅವಳ ಒಡಹುಟ್ಟಿದವರ ಮೇಲೆ ಬಿಡಬೇಡಿ.

ಜೊತೆಗೆ ಎಲ್ಲ ಕಾಗದಗಳಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿ. ಪರಿಚಯದ ಒಬ್ಬ ಮಹಿಳೆಯ ಹೆಸರು ಪಿಪಿಓದಲ್ಲಿ ತವರಿನ ಹೆಸರಾಗಿ, ಆಧಾರ್‌ನಲ್ಲಿ ಮದುವೆಯ ನಂತರದ ಹೆಸರಾಗಿ, ಬ್ಯಾಂಕಿನ ಪುಸ್ತಕದಲ್ಲಿ ಒಂದಕ್ಷರ ತಪ್ಪಾಗಿ ಇತ್ತು. ಗಂಡ ತೀರಿಕೊಂಡ ನಂತರ ಅವರೇ ಇವರು ಎಂದು ಸಾಬೀತು ಮಾಡುವುದರಲ್ಲಿ ಏಳು ತಿಂಗಳು ಕಳೆದವು. ಅಷ್ಟು ದಿನ ಮನೆ ನಡೆದದ್ದು ತಮ್ಮನ ಸಂಬಳದಲ್ಲಿ.

ಪ್ರಶ್ನೆ: ನಾನು ಶಿರಸಿ ಕಡೆಯ ಪೋಸ್ಟ್‌ಮ್ಯಾನ್. 1996ರಿಂದ ಗ್ರಾಮೀಣ ಡಾಕ್ ಸೇವಕನಾಗಿದ್ದು, 2011ರಲ್ಲಿ ಪರೀಕ್ಷೆ ಬರೆದು ಪೋಸ್ಟ್‌ಮ್ಯಾನ್ ಆದೆ. 2034ರಲ್ಲಿ ನಿವೃತ್ತಿ. ಹಿಂದಿನ ಹದಿನೈದು ವರ್ಷ ಪಿಂಚಣಿಗೆ ಸೇರುತ್ತದೆಯೇ? ಕಳೆದ ವರ್ಷ ಯುಪಿಎಸ್‌ಗೆ ಒಪ್ಪಿಗೆ ಕೊಟ್ಟಿದ್ದೇನೆ.

ಉತ್ತರ: ಮಳೆಯಲ್ಲಿ ಸೈಕಲ್ ತುಳಿದು ಹಳ್ಳಿಗಳಿಗೆ ಕಾಗದ ಮುಟ್ಟಿಸಿದ ಆ ಹದಿನೈದು ವರ್ಷ ಸೇರುವುದಿಲ್ಲ ಎಂದು ಬರೆಯಲು ನನಗೆ ಬೇಸರವಿದೆ. ಡಾಕ್ ಸೇವಕರ ಸೇವೆಯನ್ನು ಖಾಯಂ ಹುದ್ದೆಯ ಪಿಂಚಣಿಗೆ ಎಣಿಸಲಾಗದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖಾಯಂ ಹುದ್ದೆಗೆ 2004ರ ಜನವರಿ 1ರ ನಂತರ ಬಂದವರಾದ್ದರಿಂದ ನೀವು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ, ಅಂದರೆ ಎನ್‌ಪಿಎಸ್‌ಗೆ ಸೇರಿದವರು. ಆ ಚೌಕಟ್ಟಿನೊಳಗೆ 2025ರ ಏಪ್ರಿಲ್ 1ರಿಂದ ಬಂದ ಏಕೀಕೃತ ಪಿಂಚಣಿ ಯೋಜನೆಯೇ ನೀವು ಆರಿಸಿಕೊಂಡ ಯುಪಿಎಸ್.

ಇದರಲ್ಲಿ 25 ವರ್ಷ ಸೇವೆಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಸಿಗುತ್ತದೆ. ಕಡಿಮೆ ಸೇವೆಗೆ ಅದೇ ಪ್ರಮಾಣದಲ್ಲಿ ಕಡಿಮೆ. ನಿಮಗೆ 23 ವರ್ಷ ಆಗುವುದರಿಂದ 46 ಶೇಕಡಾ. ಆಗ ಸರಾಸರಿ ವೇತನ 42,000 ಇದ್ದರೆ ತಿಂಗಳಿಗೆ 19,320 ರೂಪಾಯಿ ಮತ್ತು ತುಟ್ಟಿ ಪರಿಹಾರ. ನಿಮ್ಮ ನಂತರ ಪತ್ನಿಗೆ ಇದರ 60 ಶೇಕಡಾ. ಆರು ತಿಂಗಳ ಸೇವೆಗೊಮ್ಮೆ ವೇತನ ಮತ್ತು ತುಟ್ಟಿಭತ್ಯೆಯ ಹತ್ತನೇ ಒಂದು ಭಾಗದಂತೆ ಪ್ರತ್ಯೇಕ ಇಡಿಗಂಟೂ ಉಂಟು.

ಒಂದು ಎಚ್ಚರಿಕೆ. ಖಾತೆಯಿಂದ ನಡುವೆ ಹಣ ತೆಗೆದು ಅದನ್ನು ತುಂಬದೆ ಬಿಟ್ಟರೆ, ಅಥವಾ ನಿವೃತ್ತಿಯಲ್ಲಿ 60 ಶೇಕಡಾದವರೆಗಿನ ಮೊತ್ತವನ್ನು ಹಿಂಪಡೆದರೆ, ತಿಂಗಳ ಪಿಂಚಣಿ ಆ ಪ್ರಮಾಣದಲ್ಲೇ ಇಳಿಯುತ್ತದೆ. ಸಂಬಳದ 10 ಶೇಕಡಾ ಮತ್ತು ಸರ್ಕಾರದ ಪಾಲು ಪ್ರತಿ ತಿಂಗಳೂ ಖಾತೆಗೆ ಜಮೆಯಾಗಿದೆಯೇ ಎಂದು ವರ್ಷಕ್ಕೊಮ್ಮೆ ವಿವರಪಟ್ಟಿ ತೆಗೆದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ, ಮುಖ್ಯವಾಗಿ 2011-12ರ ಮೊದಲ ತಿಂಗಳುಗಳದ್ದನ್ನು.

ಪ್ರಶ್ನೆ: ನನ್ನ ಹೆಂಡತಿ 1999ರಲ್ಲಿ ಸೇರಿದ ರಾಜ್ಯ ಸರ್ಕಾರಿ ಪ್ರೌಢಶಾಲಾ ಶಿಕ್ಷಕಿ. ನೀವು ಬರೆಯುವ ಲೆಕ್ಕ ಅವರಿಗೂ ಅನ್ವಯಿಸುತ್ತದೆಯೇ?

ಉತ್ತರ: ಹಾಗೆಯೇ ಎತ್ತಿ ಅನ್ವಯಿಸಬೇಡಿ. ರಾಜ್ಯದಲ್ಲಿ ಎನ್‌ಪಿಎಸ್ ಬಂದದ್ದು 2006ರ ಏಪ್ರಿಲ್ 1ರಿಂದ. ಅದಕ್ಕಿಂತ ಮೊದಲು ಸೇರಿದ ನಿಮ್ಮ ಪತ್ನಿಗೆ ಕರ್ನಾಟಕ ನಾಗರಿಕ ಸೇವಾ ನಿಯಮಗಳ ಹಳೆಯ ಪಿಂಚಣಿಯೇ ಇದೆ. ಆದರೆ ಅಲ್ಲಿ ಪಿಂಚಣಿಯ ಮೂರನೇ ಒಂದು ಭಾಗವನ್ನು ಮಾತ್ರ ಪರಿವರ್ತಿಸಬಹುದು. ಪಿಂಚಣಿಯನ್ನು ಅಧಿಕೃತಗೊಳಿಸುವುದು ಬೆಂಗಳೂರಿನ ಮಹಾಲೇಖಪಾಲರ ಕಚೇರಿ. ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ, ಪಾಲಿಸಿಯ ಹಣಕ್ಕೆ ಬೇರೆಯೇ ಅರ್ಜಿ ಹಾಕಬೇಕು. ಸೇವಾ ಪುಸ್ತಕ ನೋಡಲು ಶಾಲೆಯ ಬೇಸಿಗೆ ರಜೆ ಒಳ್ಳೆಯ ಸಮಯ: ಹಿಂದೆ ಕೆಲಸ ಮಾಡಿದ ಶಾಲೆಗಳ ಪಟ್ಟಿ, ಪ್ರತಿ ವರ್ಗಾವಣೆಯ ಆದೇಶ, ವೇತನ ಪರಿಷ್ಕರಣೆಯಾದ ವರ್ಷಗಳ ವೇತನ ನಿಗದಿಯ ಹಾಳೆ, ಇವುಗಳ ಪ್ರತಿ ಕೈಯಲ್ಲಿ ಹಿಡಿದು, ವೇತನ ಬಟವಾಡೆ ಅಧಿಕಾರಿಯ ಎದುರಿನಲ್ಲೇ ಒಂದೊಂದು ಪುಟವನ್ನೂ ತಾಳೆ ನೋಡಲಿ.