ಆಪ್ತಸಲಹೆ ಪ್ರಕರಣ: ಮಾಸ್ಕಿನ ಹಿಂದಿನ ಮಾತು ಕೇಳಿಸದ ಅವ್ವ

2021ರ ಜೂನ್ ತಿಂಗಳಲ್ಲಿ ಕೊಪ್ಪಳ ತಾಲ್ಲೂಕಿನ ಹಳ್ಳಿಯೊಂದರಿಂದ ಕರೆ ಬಂತು. ಮಾತನಾಡಿದವರು ರಸಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಜೊತೆಗೆ ಎರಡು ಎಕರೆ ಹೊಲವೂ ಇದೆ. "ನಮ್ಮ ಅವ್ವನಿಗೆ ಅರಳು ಮರಳು ಶುರುವಾಗಿದೆ ಮೇಡಂ. ಒಂದು ಕೇಳಿದರೆ ಇನ್ನೊಂದು ಹೇಳುತ್ತಾಳೆ. ಅರ್ಧ ರೊಟ್ಟಿಗೆ ಕೈ ತೊಳೆಯುತ್ತಾಳೆ. ರಾತ್ರಿ ಮೂರಕ್ಕೇ ಎದ್ದು ಕುಳಿತಿರುತ್ತಾಳೆ" ಎಂದರು.

ಅವ್ವನನ್ನು ಇಲ್ಲಿ ಶಾಂತಮ್ಮ ಎಂದು ಕರೆಯುತ್ತೇನೆ. ವಯಸ್ಸು 72. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆ ಮನೆಯಲ್ಲಿ ಆರು ಜನರಿದ್ದರು. ಅಂಗಡಿಯಲ್ಲಿ ದಿನವೂ ನೂರಾರು ರೈತರ ನಡುವೆ ಇರುತ್ತಿದ್ದ ಮಗನಿಗೆ, ರೋಗವನ್ನು ತಾನೇ ಹೊತ್ತು ತಂದು ತಾಯಿಗೆ ಅಂಟಿಸಿಬಿಟ್ಟರೆ ಎಂಬ ಭಯ. 65 ದಾಟಿದವರು ಮನೆಯಲ್ಲೇ ಇರಬೇಕೆಂಬ ಸರ್ಕಾರದ ಸಲಹೆಯನ್ನು ಅವರು ತಮ್ಮದೇ ರೀತಿಯಲ್ಲಿ ಇನ್ನಷ್ಟು ಬಿಗಿ ಮಾಡಿದ್ದರು. ಅವ್ವನಿಗೆ ಬೇರೆ ಕೋಣೆ, ಬೇರೆ ತಟ್ಟೆ, ಬೇರೆ ಲೋಟ. ಮೊಮ್ಮಕ್ಕಳು ಹೊಸ್ತಿಲು ದಾಟುವಂತಿಲ್ಲ. ಎದುರಿಗೆ ಹೋಗುವವರೆಲ್ಲ ಮಾಸ್ಕ್ ಹಾಕಲೇಬೇಕು. ಆ ದಿನಗಳಲ್ಲಿ ಇದನ್ನು ಅತಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದೇ ಓಣಿಯಲ್ಲಿ ಸಾವುಗಳಾಗಿದ್ದವು.

ಫೋನಿನಲ್ಲಿ ಶಾಂತಮ್ಮ ನನ್ನ ಪ್ರತಿ ಪ್ರಶ್ನೆಗೂ "ಹೂಂ" ಎನ್ನುತ್ತಿದ್ದರು. "ಊಟ ಏನು ಮಾಡಿದಿರಿ" ಎಂಬುದಕ್ಕೂ ಹೂಂ. ಹೀಗಾಗಿ ಮನೆಗೇ ಹೋದೆ. ಅವರು ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಬಯಲು ಅಂಗಳದ ಆಚೆ ತುದಿಯಲ್ಲಿ ನಿಂತು, ಮಾಸ್ಕ್ ಕೆಳಗಿಳಿಸಿ, ಅದೇ ಪ್ರಶ್ನೆ ಕೇಳಿದೆ. "ಪುಂಡಿಪಲ್ಯ, ಜೋಳದ ರೊಟ್ಟಿ" ಎಂಬ ಉತ್ತರ ತಕ್ಷಣ ಬಂತು. ಬೆನ್ನು ತಿರುಗಿಸಿ ಅಷ್ಟೇ ಧ್ವನಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದೆ. ಉತ್ತರವಿಲ್ಲ.

ಅವರ ಕಿವಿ ಮಂದವಾಗಿ ವರ್ಷಗಳೇ ಆಗಿರಬೇಕು. ತುಟಿ ನೋಡಿ ಮಾತು ತಿಳಿಯುತ್ತಿದ್ದೇನೆ ಎಂಬುದು ಅವರಿಗೇ ಗೊತ್ತಿರಲಿಲ್ಲ. ಮಾಸ್ಕ್ ಬಂದ ಮೇಲೆ ಆ ಆಸರೆ ಹೋಯಿತು. ಮನೆಯವರೆಲ್ಲ ತನ್ನ ಬಗ್ಗೆಯೇ ಪಿಸುಗುಟ್ಟುತ್ತಿದ್ದಾರೆ ಎಂದು ಅವರು ಭಾವಿಸಿದ್ದರು. ಕಿವುಡು ಹೆಚ್ಚಾದವರಲ್ಲಿ ಇಂಥ ಸಂಶಯ ಅಪರೂಪವೇನಲ್ಲ.

ನೆನಪು ಮಾತ್ರ ಚೊಕ್ಕವಾಗಿತ್ತು. "ಯುಗಾದಿ ಆದ ಮೇಲೆ ಮೊಮ್ಮಗಳು ನನ್ನ ಪಕ್ಕ ಮಲಗಿಲ್ಲ" ಎಂದರು. ವೃದ್ಧರ ಖಿನ್ನತೆ ಅಳೆಯಲು 15 ಪ್ರಶ್ನೆಗಳ ಒಂದು ಮಾಪನವಿದೆ. ಹೌದು, ಇಲ್ಲ ಎಂದರೆ ಸಾಕು. ಮನೆಯವರನ್ನು ದೂರ ಕಳುಹಿಸಿ ಅದನ್ನು ಕೇಳಿದೆ. ಖಿನ್ನತೆ ಸ್ಪಷ್ಟವಾಗಿತ್ತು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಹಲವರು ಹೆದರುತ್ತಾರೆ, ಅದು ನಿಜವಲ್ಲ. "ಹುಲಿಗೆಮ್ಮ ಕರೆದುಕೊಂಡರೆ ಸಾಕಾಗಿದೆ" ಎಂದರು. ಯಾವ ಸಿದ್ಧತೆಯೂ ಇರಲಿಲ್ಲ. ಆದರೂ ಹೊರಡುವ ಮುನ್ನ ಮಗನಿಗೆ ಹೇಳಿದ ಮೊದಲ ಮಾತು, ಪಡಸಾಲೆಯ ಮೂಲೆಯಲ್ಲಿದ್ದ ಕ್ರಿಮಿನಾಶಕದ ಡಬ್ಬಿಗಳನ್ನು ಇವತ್ತೇ ಬೀಗ ಹಾಕಿ ಬೇರೆಡೆ ಇಡಿ ಎಂದು.

ಆಮೇಲೆ ಸೊಸೆ ಒಂದು ಸಂಗತಿ ಹೇಳಿದರು. ಪ್ರತಿ ಹುಣ್ಣಿಮೆಗೆ ಶಾಂತಮ್ಮನ ಜೊತೆ ಹುಲಿಗೆಮ್ಮ ದೇವಿಯ ಗುಡಿಯಿರುವ ಹುಲಿಗಿಗೆ ಹೋಗುತ್ತಿದ್ದ ಗೆಳತಿ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡಿದ್ದರು. ಸೊಸೆ ಬಾಗಿಲಲ್ಲಿ ನಿಂತು ಸುದ್ದಿ ತಿಳಿಸಿದಾಗ ಅತ್ತೆ ತಲೆಯಾಡಿಸಿ, "ಸಂಜೆ ಬರಲಿ ಬಿಡು" ಎಂದಿದ್ದರು. ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಮನೆಯವರು ತೀರ್ಮಾನಿಸಿದ್ದು ಆ ದಿನ. ಗೆಳತಿ ಯಾಕೆ ಬರುತ್ತಿಲ್ಲ ಎಂದು ಶಾಂತಮ್ಮ ಇನ್ನೂ ಕಾಯುತ್ತಲೇ ಇದ್ದರು.

ಆ ಸುದ್ದಿಯನ್ನು ನಾನು ಹೇಳಲಿಲ್ಲ, ಮಗನೇ ಹೇಳಬೇಕು ಎಂದೆ. ಅಂಗಳದಲ್ಲಿ, ಮುಖ ಕಾಣುವಂತೆ, ಬೆಳಕಿಗೆ ಎದುರಾಗಿ ಕುಳಿತು, ನಿಧಾನವಾಗಿ ಹೇಳಿ. ಅತ್ತರೆ ಸಮಾಧಾನ ಮಾಡುವ ಅವಸರ ಬೇಡ ಎಂದೆ. ಕೂಗಬೇಡಿ ಎಂದೂ ಹೇಳಿದೆ. ಕೂಗಿದರೆ ಮಾತು ಸ್ಪಷ್ಟವಾಗುವುದಿಲ್ಲ, ಮುಖ ಮಾತ್ರ ಸಿಟ್ಟಾಗಿ ಕಾಣುತ್ತದೆ. ಶಾಂತಮ್ಮ ಎರಡು ದಿನ ಅತ್ತರಂತೆ. ಮೂರನೆಯ ದಿನ ಗೆಳತಿಯ ಮನೆಯವರನ್ನು ಅಂಗಳದಾಚೆಯಿಂದಲೇ ಮಾತನಾಡಿಸಿ ಬಂದರು.

ಉಳಿದ ಸಲಹೆ ಸರಳವಾದದ್ದು. ಕಿವಿ ವೈದ್ಯರಿಗೆ ತೋರಿಸಿದಾಗ ಒಂದು ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಇನ್ನೊಂದರದ್ದು ವಯಸ್ಸಿನ ಕಿವುಡು. ಥೈರಾಯ್ಡ್ ಮತ್ತು ಬಿ12 ಪರೀಕ್ಷೆಯೂ ಆಯಿತು, ಅವುಗಳ ಕೊರತೆಯೂ ಮರೆವಿನಂತೆ ಕಾಣಿಸಬಲ್ಲದು. ಮನೋವೈದ್ಯರೆಂದರೆ ಮಗ ಹಿಂಜರಿದರು. ದೇಶಕ್ಕೆ ಮಾದರಿಯಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ರೂಪಿಸಿದ್ದೇ ನಮ್ಮ ನೆರೆಯ ಬಳ್ಳಾರಿಯಲ್ಲಿ. ನಮ್ಮ ಸೀಮೆಯ ಹಳ್ಳಿಯವರನ್ನು ನಂಬಿಯೇ ಶುರುವಾದ ಕೆಲಸವದು ಎಂದು ಹೇಳಿದ ಮೇಲೆ ಒಪ್ಪಿದರು. ಮಾತ್ರೆ ನಾಟಲು ಎರಡರಿಂದ ನಾಲ್ಕು ವಾರ ಬೇಕು, ಒಂದು ವಾರಕ್ಕೆ ನಿಲ್ಲಿಸಬೇಡಿ ಎಂದು ಎಚ್ಚರಿಸಿದ್ದೆ. ಪಿಂಚಣಿಯ ಹಣವನ್ನು ಅವರ ಕೈಗೇ ಕೊಡಿ ಎಂದದ್ದು ಮಗನಿಗೆ ವಿಚಿತ್ರವೆನಿಸಿತು. ಲಾಕ್‌ಡೌನ್‌ನಲ್ಲಿ ಆ ಹಣ ಸದ್ದಿಲ್ಲದೆ ಮಗನ ಜೇಬು ಸೇರಿತ್ತು. ಮನೆಯಲ್ಲಿ ತನ್ನ ಮಾತಿಗೆ ಬೆಲೆಯಿಲ್ಲ ಎಂದು ಶಾಂತಮ್ಮನಿಗೆ ಅನ್ನಿಸಲು ಅದೂ ಒಂದು ಕಾರಣ.

ಎರಡನೆಯ ಡೋಸ್ ಲಸಿಕೆಯಾದ ಬಳಿಕ ಕೋಣೆಯ ಕಟ್ಟುಪಾಡು ಸಡಿಲವಾಯಿತು. ದಸರೆಯ ಹೊತ್ತಿಗೆ ನಿದ್ದೆ, ಊಟ ಹದಕ್ಕೆ ಬಂದಿತ್ತು. ಶ್ರವಣ ಸಾಧನವನ್ನು ಮಾತ್ರ ಪಾತ್ರೆಗಳ ಸದ್ದಿಗೆ ಬೇಸತ್ತು ತೆಗೆದಿಡುತ್ತಾರೆ. ದಿನಕ್ಕೆ ಒಂದೆರಡು ಗಂಟೆಯಿಂದ ರೂಢಿಸಿಕೊಳ್ಳಿ ಎಂದಿದ್ದೇನೆ.

ಇಂಥ ತೊಂದರೆ ಇರುವವರು ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ, ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು. ಕಿವಿ ಕೇಳದ ಹಿರಿಯರಿದ್ದರೆ ಮನೆಯವರು ಪಕ್ಕದಲ್ಲೇ ಕುಳಿತು, ಮುಖ ತೋರಿಸಿ ಪ್ರಶ್ನೆಗಳನ್ನು ದಾಟಿಸಬೇಕಾಗುತ್ತದೆ. ಶಾಂತಮ್ಮನ ಮನೆಯಿಂದ ಆಮೇಲೆ ನನ್ನ ಬಳಿ ಬರತೊಡಗಿದವರು ಸೊಸೆ. ಆ ತಿಂಗಳುಗಳ ಭಾರವನ್ನೆಲ್ಲ ಹೊತ್ತವರು ಅವರು, ಅವರನ್ನು ಹೇಗಿದ್ದೀರಿ ಎಂದು ಯಾರೂ ಕೇಳಿರಲಿಲ್ಲ.