ಜಿಪ್ ಫೈಲಿನ ಓಡಾಟ ನಿಲ್ಲಲಿ

ಪ್ರಶ್ನೆ: ನಾನು ಎಂಜಿನಿಯರಿಂಗ್ ಐದನೇ ಸೆಮಿಸ್ಟರ್. ಸಾಫ್ಟ್‌ವೇರ್ ಎಂಜಿನಿಯರಿಂಗ್ ವಿಷಯಕ್ಕೆ ಐವರು ಸೇರಿ ಹೋಮ್‌ಸ್ಟೇ ಬುಕಿಂಗ್ ವೆಬ್‌ಸೈಟ್ ಮಾಡುತ್ತಿದ್ದೇವೆ, ನೋಡ್‌ಜೆಎಸ್‌ನಲ್ಲಿ. ಕೋಡನ್ನು ಜಿಪ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳುತ್ತೇವೆ. ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಓಡುವುದು ಗೆಳತಿಯ ಉಬುಂಟುವಿನಲ್ಲಿ ಓಡುವುದಿಲ್ಲ. ಒಬ್ಬ ಡಾಕರ್ (ಆ್ಯಪನ್ನು ಅದಕ್ಕೆ ಬೇಕಾದ ಎಲ್ಲದರ ಜೊತೆ ಕಟ್ಟಿಟ್ಟು ಓಡಿಸುವ ತಂತ್ರಾಂಶ) ಹಾಕೋಣ ಅನ್ನುತ್ತಾನೆ. ಮಳೆ ಹಿಡಿದರೆ ಇಬ್ಬರ ಮನೆಯಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಏನೇನು ಇನ್‌ಸ್ಟಾಲ್ ಮಾಡಬೇಕು?
– ಹೆಸರು ಬೇಡ, ಗೋಣಿಕೊಪ್ಪ

ಉತ್ತರ: ಇನ್‌ಸ್ಟಾಲ್ ಮಾಡುವುದು ಹೆಚ್ಚೇನಿಲ್ಲ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ಜೆಎಸ್, ಕೋಡ್ ಬರೆಯಲು ವಿಎಸ್ ಕೋಡ್, ಅಷ್ಟೇ. ತೊಂದರೆ ಬೇರೆ ಕಡೆ ಇದೆ. ಯಾವ ಆವೃತ್ತಿ, ಯಾವ ಪ್ಯಾಕೇಜ್ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಎಂಬುದು ನಿಮ್ಮೈವರ ತಲೆಯಲ್ಲಿದೆ, ಪ್ರಾಜೆಕ್ಟ್ ಫೋಲ್ಡರಿನಲ್ಲಿಲ್ಲ. ಅದನ್ನು ಅಲ್ಲಿಗೆ ಇಳಿಸಿ.

ಒಬ್ಬರು ಗಿಟ್ ಕೋಡನ್ನು ನೆಟ್‌ನಲ್ಲಿ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಪ್ರೈವೇಟ್ ರೆಪಾಸಿಟರಿ (ಪ್ರಾಜೆಕ್ಟಿನ ಕೋಡ್ ಕಣಜ) ತೆರೆದು ಉಳಿದವರನ್ನು ಸೇರಿಸಲಿ. 2021ರ ಆಗಸ್ಟ್‌ನಿಂದ ಅಲ್ಲಿಗೆ ಪುಶ್ ಮಾಡಲು (ಕೋಡ್ ಕಳಿಸಲು) ಬರೀ ಪಾಸ್‌ವರ್ಡ್ ನಡೆಯುವುದಿಲ್ಲ. ಉಬುಂಟುವಿನವರು ಪಾಸ್‌ವರ್ಡ್ ಬದಲು ಗುರುತು ತೋರಿಸುವ ಎಸ್‌ಎಸ್‌ಎಚ್ ಕೀ ಮಾಡಿಕೊಳ್ಳಲಿ. ಎಲ್ಲರೂ ನೋಡ್‌ನ ಒಂದೇ ಎಲ್‌ಟಿಎಸ್ (ದೀರ್ಘಕಾಲ ದುರಸ್ತಿ ಸಿಗುವ) ಆವೃತ್ತಿ ಹಾಕಿ. ಪ್ಯಾಕೇಜುಗಳ ನಿಖರ ಆವೃತ್ತಿ ಬರೆದಿರುವ ಪ್ಯಾಕೇಜ್-ಲಾಕ್ ಫೈಲನ್ನು ತಪ್ಪದೆ ಕಮಿಟ್ ಮಾಡಿ (ಗಿಟ್ಟಿನಲ್ಲಿ ದಾಖಲಿಸಿ). ಅದನ್ನು ಕಸ ಎಂದು ಅಳಿಸುವ ಮಹಾನುಭಾವ ತಂಡಕ್ಕೊಬ್ಬ ಇರುತ್ತಾನೆ, ಕಣ್ಣಿಡಿ. ಅದಿದ್ದರೆ 'ಎನ್‌ಪಿಎಂ ಸಿಐ' ಎಂಬ ಆದೇಶ ಕೊಟ್ಟೊಡನೆ ಐದೂ ಲ್ಯಾಪ್‌ಟಾಪಿಗೆ ಅವೇ ಪ್ಯಾಕೇಜುಗಳು ಅದೇ ಆವೃತ್ತಿಯಲ್ಲಿ ಬರುತ್ತವೆ. ಪ್ಯಾಕೇಜುಗಳು ಬಂದು ಕೂರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೂ ಪಾಸ್‌ವರ್ಡ್ ಇಟ್ಟಿರುವ ಫೈಲನ್ನೂ ಗಿಟ್ ಮುಟ್ಟಬಾರದ್ದರ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿ.

ಗೆಳತಿಯದು ಉಬುಂಟು ಅಂದಿರಲ್ಲ, ಮೊದಲು ಫೈಲುಗಳ ಹೆಸರು ನೋಡಿ. 'ಲಾಗಿನ್' ಫೈಲಿನ ಹೆಸರು ದೊಡ್ಡ 'ಎಲ್'ನಿಂದ ಶುರುವಾಗಿ, ಇಂಪೋರ್ಟ್ ಸಾಲಿನಲ್ಲಿ ಚಿಕ್ಕ 'ಎಲ್' ಇದ್ದರೆ ವಿಂಡೋಸ್ ತಕರಾರು ಮಾಡುವುದಿಲ್ಲ. ಉಬುಂಟುವಿನ ಒಳಗಿರುವ ಲಿನಕ್ಸ್ ಮಾತ್ರ ಅಂಥ ಫೈಲೇ ಇಲ್ಲ ಅನ್ನುತ್ತದೆ. ಹೆಸರೆಲ್ಲ ಚಿಕ್ಕಕ್ಷರದಲ್ಲೇ ಇರಲಿ. ತಿದ್ದುವಾಗ 'ಗಿಟ್ ಎಂವಿ' ಬಳಸಿ, ಇಲ್ಲವಾದರೆ ವಿಂಡೋಸ್‌ನಲ್ಲಿ ಆ ಬದಲಾವಣೆ ಗಿಟ್ಟಿನ ಕಣ್ಣಿಗೇ ಬೀಳದೆ ಹೋಗಬಹುದು. ಒಂದಕ್ಷರ ತಿದ್ದಿದ್ದಕ್ಕೆ ಇಡೀ ಫೈಲ್ ಬದಲಾದಂತೆ ಕಂಡರೆ, ಸಾಲಿನ ಕೊನೆಗೆ ವಿಂಡೋಸ್ ಎರಡು ಗುರುತು, ಲಿನಕ್ಸ್ ಒಂದು ಗುರುತು ಹಾಕುವುದರ ಫಲ ಅದು. ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ '* ಟೆಕ್ಸ್ಟ್=ಆಟೋ' ಎಂಬ ಒಂದು ಸಾಲು ಹಾಕಿಬಿಡಿ.

ಡಾಕರ್? ಸಿಲಬಸ್ ಕೇಳದಿದ್ದರೆ ಬೇಡ. ವಿಂಡೋಸ್‌ನಲ್ಲಿ ಅದು ಒಳಗೊಂದು ಲಿನಕ್ಸನ್ನೇ ಓಡಿಸುತ್ತದೆ. 8 ಜಿಬಿ ರ‍್ಯಾಮ್‌ನಲ್ಲಿ ಬ್ರೌಸರೂ ತೆರೆದಿದ್ದರೆ ಏದುಸಿರು. ಡಾಕರ್ ಇಮೇಜ್ (ಓಡಿಸಲು ಸಿದ್ಧವಾದ ಕಟ್ಟು) ಇಳಿಸಿಕೊಳ್ಳಲು ಮೊಬೈಲ್ ಡೇಟಾ ಎಲ್ಲಿಂದ ತರುತ್ತೀರಿ? ಡೇಟಾಬೇಸಿಗೆ ಎಸ್‌ಕ್ಯೂಲೈಟ್ ಸಾಕು, ಸರ್ವರ್ ರಗಳೆ ಇಲ್ಲ.

ಇನ್ನು ಮಳೆ. ನಾನೂ ಮಡಿಕೇರಿಯ ಹತ್ತಿರದ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವವನು. ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ಮರ ಬಿದ್ದು ಲೈನ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಮಲಗುತ್ತದೆ. ಆದರೂ ಕಮಿಟ್ ನಿಲ್ಲಿಸಬೇಕಿಲ್ಲ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದ ಗಿಟ್‌ನಲ್ಲಿ ಪೂರ್ತಿ ಇತಿಹಾಸ ಪ್ರತಿಯೊಬ್ಬರ ಯಂತ್ರದಲ್ಲೂ ಇರುತ್ತದೆ. ಪುಶ್‌ಗೆ, ಪುಲ್‌ಗೆ (ಕೋಡ್ ತರಿಸಿಕೊಳ್ಳಲು) ಮಾತ್ರ ನೆಟ್ ಬೇಕು. ವಾರವಿಡೀ ನೆಟ್ ಇಲ್ಲವೇ? 'ಗಿಟ್ ಬಂಡಲ್' ಮಾಡಿ ಒಂದೇ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಕಾಲೇಜಿಗೆ ಹೊರಟವರ ಕೈಲಿ ಕೊಡಿ. ಜಿಪ್‌ನ ಹಾಗೆ ಅದು ಬೇರೆಯವರ ಕೆಲಸವನ್ನು ಅಳಿಸಿ ಕೂರುವುದಿಲ್ಲ, ಅದರಿಂದಲೇ ಪುಲ್ ಮಾಡಿ ಮರ್ಜ್ ಮಾಡಬಹುದು (ಎಲ್ಲರ ಕೆಲಸ ಕೂಡಿಸಬಹುದು).

ಎಲ್ಲ ಆದಮೇಲೆ ತಂಡದ ಅತಿ ಹಳೆಯ ಲ್ಯಾಪ್‌ಟಾಪಿನಲ್ಲಿ ಹೊಸದಾಗಿ ಕ್ಲೋನ್ ಮಾಡಿಸಿ (ರೆಪಾಸಿಟರಿಯ ಪೂರ್ತಿ ಪ್ರತಿ ಇಳಿಸಿ), ಪಕ್ಕದಲ್ಲಿ ಯಾರೂ ಕೂರಬೇಡಿ. ಅವರು ಫೋನ್ ಮಾಡಿ ಏನು ಕೇಳಿದರೂ ಬಾಯಲ್ಲಿ ಹೇಳದೆ ಪ್ರಾಜೆಕ್ಟಿನ ಸೂಚನೆಗಳಿರುವ ರೀಡ್‌ಮಿ ಫೈಲಿನಲ್ಲಿ ಬರೆದು ಪುಶ್ ಮಾಡಿ.